ಜಗಳವಾಡುವ ಹಕ್ಕು: ಲಾಜೋ ಮತ್ತು ನಾದಿರಾ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಕನ್ನಡದಲ್ಲಿ ಒಂದು ಗಾದೆ ಇದೆ. ಈ ಗಾದೆ ಜಗಳವನ್ನು ಕೆಟ್ಟದ್ದು ಅಂತ ಹೇಳೋದಿಲ್ಲ. ಒಂದೇ ಮನೆಯಲ್ಲಿ ಉಣ್ಣುವವರ ನಡುವೆ ಜಗಳ ಆಗುತ್ತದೆ, ಮುಗಿಯುತ್ತದೆ ಅಂತಷ್ಟೇ ಹೇಳುತ್ತದೆ. ಆದರೆ ಸಮುದಾಯ, ಧರ್ಮ, ಸಂಸ್ಕೃತಿ ಅನ್ನುವ ದೊಡ್ಡ ಪದಗಳು ನಡುವೆ ಬಂದ ಕೂಡಲೇ ನಮ್ಮ ಈ ತಿಳಿವಳಿಕೆ ಎಲ್ಲೋ ಕಳೆದುಹೋಗುತ್ತದೆ. ಯಾರು ಯಾರಿಗೆ ಏನು ಮಾಡಿದರು, ಯಾತಕ್ಕಾಗಿ ಮಾಡಿದರು ಅನ್ನುವ ಪ್ರಶ್ನೆ ಹಿಂದೆ ಸರಿಯುತ್ತದೆ. 'ಅವರ ಸಂಸ್ಕೃತಿಯೇ ಹಾಗೆ' ಅನ್ನುವ ಒಂದು ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆ ಮಾತು ಏನನ್ನೂ ವಿವರಿಸುವುದಿಲ್ಲ, ಮುಂದೆ ಕೇಳಬೇಕಾದ ಪ್ರಶ್ನೆಯನ್ನು ತಡೆಯುತ್ತದೆ ಅಷ್ಟೇ.

ಈ ತಡೆಯನ್ನು ದಾಟಿ ನೋಡಿದ ಎರಡು ಕೃತಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ಓದಬೇಕು ಅನ್ನಿಸುತ್ತದೆ. ಒಂದು ಉರ್ದುವಿನದು, ರಾಜಿಂದರ್ ಸಿಂಗ್ ಬೇಡಿಯವರ ಕಥೆ 'ಲಾಜವಂತಿ'. ಇನ್ನೊಂದು ಕನ್ನಡದ್ದು, ಸಾರಾ ಅಬೂಬಕ್ಕರ್ ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ'. ಒಂದು ದೇಶವಿಭಜನೆಯ ಕಾಲದ ಪಂಜಾಬಿನಲ್ಲಿ ನಡೆಯುತ್ತದೆ, ಇನ್ನೊಂದು ಕಾಸರಗೋಡಿನ ಕಡೆಯ ಮುಸ್ಲಿಂ ಮನೆಯೊಳಗೆ. ಮೊದಲನೆಯದು ಹಿಂದೂ ಕುಟುಂಬದ ಕಥೆ, ಎರಡನೆಯದು ನಮ್ಮದು. ಬೇಡಿಯವರ ಮನೆಮಾತು ಪಂಜಾಬಿ, ಬರೆದದ್ದು ಉರ್ದುವಿನಲ್ಲಿ. ಸಾರಾ ಅವರ ಮನೆಮಾತು ಮಲಯಾಳಂ, ಬರೆದದ್ದು ಕನ್ನಡದಲ್ಲಿ. ಇಬ್ಬರೂ ಮನೆಯ ಮಾತನ್ನು ಮನೆಯ ಹೊರಗಿನ ಭಾಷೆಯಲ್ಲಿ ಹೇಳಿದವರು. ಈ ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಎರಡು ಕೃತಿಗಳಲ್ಲೂ ಹೆಣ್ಣು ನಾಶವಾಗುವುದು ಜಗಳದ ಹೊತ್ತಿನಲ್ಲಲ್ಲ, ರಾಜಿಯ ಹೊತ್ತಿನಲ್ಲಿ.

ಮೊದಲು ಲಾಜವಂತಿ. ಲೂಧಿಯಾನಾದ ಮುಲ್ಲಾ ಶಕೂರ್ ಮೊಹಲ್ಲಾದಲ್ಲಿ ಸುಂದರಲಾಲ್ ಅಂತ ಒಬ್ಬ ಇದ್ದಾನೆ. ವಿಭಜನೆಯ ಗಲಭೆಯಲ್ಲಿ ಅವನ ಹೆಂಡತಿ ಲಾಜೋ ಅಪಹರಣಕ್ಕೆ ಒಳಗಾಗಿದ್ದಾಳೆ. ಹಾಗೆ ಕಳೆದುಹೋಗಿ ಮರಳಿ ಬರುವ ಹೆಣ್ಣುಮಕ್ಕಳನ್ನು ಮನೆಯವರು ದೂರ ತಳ್ಳಬಾರದು, ಮನಸ್ಸಿನಲ್ಲಿ ಜಾಗ ಕೊಡಬೇಕು ಅಂತ ಮೊಹಲ್ಲಾದವರು ಒಂದು ಸಮಿತಿ ಮಾಡಿಕೊಳ್ಳುತ್ತಾರೆ. ಸುಂದರಲಾಲನೇ ಅದರ ಕಾರ್ಯದರ್ಶಿ. ಬೆಳಗಿನ ಜಾವ ಹಾಡುತ್ತಾ ಮೆರವಣಿಗೆ ಹೋಗುತ್ತಾನೆ, ಹಟಮಾರಿಗಳ ಜೊತೆ ವಾದಿಸುತ್ತಾನೆ. ಹಿಂದೆ ಸಣ್ಣಪುಟ್ಟ ಕಾರಣಕ್ಕೂ ಲಾಜೋಳನ್ನು ಹೊಡೆಯುತ್ತಿದ್ದವನು ಈತ. ಈಗ ಅದಕ್ಕೆ ಪಶ್ಚಾತ್ತಾಪ ಪಡುತ್ತಿದ್ದಾನೆ.

ಕೊನೆಗೆ ಲಾಜೋ ಸಿಗುತ್ತಾಳೆ. ಅವಳು ದುಪಟ್ಟಾ ಹೊದ್ದಿರುವ ರೀತಿ ಮುಸ್ಲಿಂ ಹೆಂಗಸರ ರೀತಿ. ಅದು ಸುಂದರಲಾಲನ ಕಣ್ಣಿಗೆ ಚುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ ಚುಚ್ಚುವುದು ಅವಳ ಆರೋಗ್ಯ. ದುಃಖದಲ್ಲಿ ಸೊರಗಿ ಕಡ್ಡಿಯಾಗಿರುತ್ತಾಳೆ ಅಂತ ಅವನು ಅಂದುಕೊಂಡಿದ್ದ, ಅವಳು ಮೈಕೈ ತುಂಬಿಕೊಂಡಿದ್ದಾಳೆ. ಆದರೂ ಅವನು ತನ್ನ ಮಾತಿಗೆ ತಪ್ಪುವುದಿಲ್ಲ. ಮನೆಗೆ ಕರೆತರುತ್ತಾನೆ. ಹೊಡೆಯುವುದಿಲ್ಲ. 'ದೇವಿ' ಅಂತ ಕರೆಯುತ್ತಾನೆ. ಅವಳು ತನಗೆ ಆದದ್ದನ್ನು ಹೇಳಿಕೊಳ್ಳಬೇಕು ಅಂತ ಬಾಯಿ ತೆರೆದಾಗ, ಅದೆಲ್ಲ ಮರೆತುಬಿಡೋಣ ಅನ್ನುತ್ತಾನೆ.

ಬೇಡಿಯವರ ಕಥೆಯ ಜೀವ ಇರುವುದು ಇಲ್ಲಿ. ಲಾಜೋಗೆ ಬೇಕಾಗಿದ್ದದ್ದು ದೇವಿಯ ಪಟ್ಟವಲ್ಲ. ಅಡುಗೆಮನೆಯ ತರಕಾರಿಯಂಥ ಕ್ಷುಲ್ಲಕ ವಿಷಯಕ್ಕೆ ಜಗಳವಾಡಿ, ಅಂಥದೇ ಇನ್ನೊಂದು ಕ್ಷುಲ್ಲಕ ವಿಷಯಕ್ಕೆ ರಾಜಿಯಾಗುತ್ತಿದ್ದ ಹಳೆಯ ಲಾಜೋ ಆಗುವುದು ಅವಳಿಗೆ ಬೇಕಾಗಿತ್ತು. ದೇವಿಯ ಜೊತೆ ಯಾರೂ ಜಗಳವಾಡೋದಿಲ್ಲ, ಅಲ್ವಾ? ದೇವಿಯ ಮಾತನ್ನು ಯಾರೂ ಕೇಳಿಸಿಕೊಳ್ಳುವುದೂ ಇಲ್ಲ. ಪೂಜೆ ಮಾಡಿ ಬಾಗಿಲು ಹಾಕುತ್ತಾರೆ. ಹಾಗಂತ ಹೊಡೆತದ ದಿನಗಳೇ ಚೆನ್ನಾಗಿದ್ದವು ಅಂತ ಕಥೆ ಹೇಳುತ್ತಿಲ್ಲ. ಹೊಡೆಯುವ ಗಂಡ ಮತ್ತು ಪೂಜಿಸುವ ಗಂಡ, ಇವರಿಬ್ಬರ ನಡುವೆ ಕೇಳಿಸಿಕೊಳ್ಳುವ ಗಂಡ ಅಂತ ಒಬ್ಬ ಇರಬಹುದಾಗಿತ್ತು. ಅವನು ಬರಲೇ ಇಲ್ಲ.

ಎರಡು ಭಾಷೆ ಗೊತ್ತಿದ್ದವರಿಗೆ ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಲಾಜವಂತಿ ಅನ್ನುವುದು ಒಂದು ಗಿಡದ ಹೆಸರೂ ಹೌದು. ಮುಟ್ಟಿದರೆ ಎಲೆ ಮುದುರಿಕೊಳ್ಳುವ ಗಿಡ. ಅದಕ್ಕೆ ಕನ್ನಡದಲ್ಲಿ 'ನಾಚಿಕೆ ಮುಳ್ಳು' ಅಂತಲೂ ಅನ್ನುತ್ತಾರೆ, 'ಮುಟ್ಟಿದರೆ ಮುನಿ' ಅಂತಲೂ ಅನ್ನುತ್ತಾರೆ. ಅದೇ ಎಲೆ ಮುದುರುವುದನ್ನು ಒಂದು ಹೆಸರು ಲಜ್ಜೆ ಅಂತ ಓದುತ್ತದೆ, ಇನ್ನೊಂದು ಸಿಟ್ಟು ಅಂತ ಓದುತ್ತದೆ. ಸುಂದರಲಾಲ್ ತನ್ನ ಹೆಂಡತಿಯಲ್ಲಿ ಲಜ್ಜೆಯನ್ನು ಮಾತ್ರ ಕಂಡ. ಅವಳ ಮುನಿಸನ್ನು ಕಂಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇದು ಒಬ್ಬ ಗಂಡನ ಕಥೆ ಮಾತ್ರ ಅಂತ ತಿಳಿಯಬಾರದು. ಸರ್ಕಾರಗಳೂ ಸುಂದರಲಾಲನ ಹಾಗೇ ನಡೆದುಕೊಂಡವು. ಅಪಹೃತ ಸ್ತ್ರೀಯರನ್ನು ಹುಡುಕಿ ಮರಳಿಸಲು ಭಾರತ ಮತ್ತು ಪಾಕಿಸ್ತಾನ 1947ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. 1949ರಲ್ಲಿ ಭಾರತ ಅದಕ್ಕಾಗಿ ಒಂದು ಕಾನೂನನ್ನೇ ತಂದಿತು. 1947ರ ಮಾರ್ಚ್ 1ರ ನಂತರ ಬೇರೆ ಧರ್ಮದವರ ಮನೆಯಲ್ಲಿ ಕಂಡುಬಂದ ಹೆಣ್ಣನ್ನು ಅಪಹೃತಳೆಂದೇ ಲೆಕ್ಕ ಹಿಡಿಯಲಾಯಿತು. ಮರಳಿ ಹೋಗಲು ನಿನಗೆ ಇಷ್ಟವಿದೆಯಾ ಅಂತ ಅವಳನ್ನು ಕೇಳುವ ಅಗತ್ಯವನ್ನು ಆ ಕಾನೂನು ಇಟ್ಟುಕೊಳ್ಳಲಿಲ್ಲ. ಎರಡೂ ದೇಶ ಸೇರಿ ಸುಮಾರು 30,000 ಹೆಣ್ಣುಮಕ್ಕಳನ್ನು ಹೀಗೆ ಮರಳಿಸಲಾಯಿತು ಅನ್ನುತ್ತಾರೆ. ಅವರಲ್ಲಿ ನರಕದಿಂದ ಪಾರಾದವರು ಎಷ್ಟೋ ಮಂದಿ. ಮರಳಲು ಒಪ್ಪದೆ ಅತ್ತವರೂ ಇದ್ದರು. ನಿರಾಶ್ರಿತರ ನಡುವೆ ಕೆಲಸ ಮಾಡಿದ ಅನೀಸ್ ಕಿದ್ವಾಯಿ ತಮ್ಮ ಉರ್ದು ನೆನಪಿನ ಪುಸ್ತಕ 'ಆಜಾದಿ ಕೀ ಛಾಂವ್ ಮೇಂ'ನಲ್ಲಿ ಅಂಥವರ ಸಂಕಟವನ್ನೂ ದಾಖಲಿಸಿದ್ದಾರೆ. ಎರಡು ದೇಶಗಳು ತಮ್ಮ ಮಾನದ ಲೆಕ್ಕ ಸರಿಮಾಡಿಕೊಂಡವು. ಯಾರ ಹೆಸರಿನಲ್ಲಿ ಲೆಕ್ಕ ನಡೆಯಿತೋ ಅವರ ಬಾಯಿಗೆ ಮಾತ್ರ ಬೀಗ.

ಈಗ ಕಾಸರಗೋಡಿಗೆ ಬರೋಣ. ಚಂದ್ರಗಿರಿ ಹೊಳೆಯ ಹೆಸರು ಕನ್ನಡಿಗರಿಗೆ ಗಡಿ ವಿವಾದದಿಂದ ಗೊತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಆ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು, ಆದರೆ ಸೇರಲಿಲ್ಲ. ಹೀಗೆ ಎರಡು ಭಾಷೆಗಳ ಜಗಳದ ಗುರುತಾಗಿದ್ದ ಹೊಳೆಯ ಹೆಸರನ್ನು ಸಾರಾ ತಮ್ಮ ಮೊದಲ ಕಾದಂಬರಿಗೆ ಇಟ್ಟರು. ಕಾದಂಬರಿಯ ಒಳಗಿರುವುದು ಮಾತ್ರ ಬೇರೆಯದೇ ಜಗಳ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಪುಸ್ತಕವಾದ ಈ ಕೃತಿಯಲ್ಲಿ ನಾದಿರಾ ಮತ್ತು ರಶೀದ್ ಪರಸ್ಪರ ಪ್ರೀತಿಯಿಂದ ಬಾಳುತ್ತಿರುವ ಗಂಡ ಹೆಂಡತಿ. ಅವರ ನಡುವೆ ಜಗಳವೇ ಇಲ್ಲ. ಜಗಳ ಇರುವುದು ಅಪ್ಪ ಮಹಮದ್ ಖಾನ್ ಮತ್ತು ಅಳಿಯನ ನಡುವೆ. ಅದಕ್ಕೆ ಕಾರಣ ಧರ್ಮವಲ್ಲ, ಹಣ. ಅಪ್ಪನ ಹಟಕ್ಕೆ ಮಗಳ ತಲಾಖ್ ಆಗಿಹೋಗುತ್ತದೆ. ನಾದಿರಾಳನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಅಪ್ಪನಿಗೆ ಪಶ್ಚಾತ್ತಾಪ ಆಗುತ್ತದೆ. ಮಗಳನ್ನು ರಶೀದನಿಗೇ ಮತ್ತೆ ಕೊಟ್ಟು ನಿಕಾಹ್ ಮಾಡಲು ಒಪ್ಪುತ್ತಾನೆ. ಆಗ ಷರತ್ತು ಎದುರಾಗುತ್ತದೆ: ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಎಲ್ಲರೂ ಸೇರಿ ಇದನ್ನೂ ಏರ್ಪಾಡು ಮಾಡುತ್ತಾರೆ. ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಗಮನಿಸಿ, ಗಂಡನಿಂದ ಅಗಲಿಸಿದ ದಿನಗಳನ್ನು ಅವಳು ಹೇಗೋ ಸಹಿಸಿಕೊಂಡಿದ್ದಳು. ಮತ್ತೆ ಸೇರಿಸುವ ಏರ್ಪಾಡನ್ನು ಸಹಿಸಲಾಗಲಿಲ್ಲ. ಲಾಜೋಳನ್ನು ಮರಳಿ ತಂದ ಹಾಗೆ ನಾದಿರಾಳನ್ನೂ ಮರಳಿಸಲು ಹೊರಟಿದ್ದರು. ಎರಡು ಕಡೆಯೂ ಗಂಡಸರ ಮನಸ್ಸು ಕರಗಿದೆ. ಎರಡು ಕಡೆಯೂ 'ನಿನಗೇನು ಬೇಕು' ಅನ್ನುವ ಪ್ರಶ್ನೆ ಯಾರ ಬಾಯಿಂದಲೂ ಬಂದಿಲ್ಲ.

ಹಾಗಾದರೆ ಇದು ಸಂಸ್ಕೃತಿಯ ತಪ್ಪಾ? ಎರಡೂ ಕೃತಿಗಳನ್ನು ಜೊತೆಗೆ ಓದಿದಾಗ ಆ ಮಾತು ನಿಲ್ಲೋದಿಲ್ಲ. ಬೇಡಿಯವರ ಕಥೆಯಲ್ಲಿ ಗುಡಿಯ ನಾರಾಯಣ ಬಾವಾ ರಾಮಾಯಣದ ಅಗಸನ ಕಥೆ ಹೇಳಿ, ಮರಳಿ ಬಂದ ಹೆಣ್ಣುಗಳನ್ನು ಸೇರಿಸಿಕೊಳ್ಳಬಾರದು ಅನ್ನುವ ಅರ್ಥ ಹೊರಡಿಸುತ್ತಾನೆ. ಸುಂದರಲಾಲ್ ಎದ್ದು ನಿಂತು ಅದೇ ರಾಮಾಯಣದಿಂದ ಸೀತೆಯ ಪರವಾಗಿ ವಾದಿಸುತ್ತಾನೆ. ಕಥೆ ಒಂದೇ, ಓದುವವರು ಇಬ್ಬರು. ನಮ್ಮ ಕಡೆಯೂ ಹಾಗೇ. ಕುರ್‌ಆನ್‌ನ ಸೂರಃ ನಿಸಾದ 35ನೇ ಆಯತ್ತು ಗಂಡ ಹೆಂಡತಿ ಒಡೆದುಹೋಗುವ ಭಯ ಇದ್ದಾಗ ಅವನ ಮನೆಯಿಂದ ಒಬ್ಬ, ಅವಳ ಮನೆಯಿಂದ ಒಬ್ಬ, ಹೀಗೆ ಇಬ್ಬರು ಮಧ್ಯಸ್ಥರನ್ನು ನೇಮಿಸಿ ಅನ್ನುತ್ತದೆ. ಅಂದರೆ ಎರಡು ಕಡೆಯ ಮಾತನ್ನೂ ಕೇಳಿ ಅಂತ ಅರ್ಥ. ತಲಾಖಿನ ನಂತರ ಇನ್ನೊಂದು ಮದುವೆಯ ಮಾತು ಸೂರಃ ಬಕರಾದ 230ನೇ ಆಯತ್ತಿನಲ್ಲಿ ಇದೆ ನಿಜ. ಆದರೆ ಬಿಟ್ಟುಬಿಡುವ ಉದ್ದೇಶದಿಂದಲೇ ಏರ್ಪಡಿಸುವ ಮದುವೆಯನ್ನು ಪ್ರವಾದಿ (ಸ) ಶಪಿಸಿದ್ದಾರೆ ಅಂತ ಹದೀಸ್ ಇದೆ. ಮಹಮದ್ ಖಾನನಿಗೆ ಧರ್ಮದಲ್ಲಿ ದಾರಿ ಇರಲಿಲ್ಲ ಅಂತಲ್ಲ. ಕೇಳಬೇಕಾದ ದಾರಿಯನ್ನು ಬಿಟ್ಟು ಆಳುವ ದಾರಿಯನ್ನು ಆರಿಸಿಕೊಂಡ. ಪ್ರತಿ ಸಂಸ್ಕೃತಿಯೂ ತನ್ನೊಳಗೇ ವಾದಿಸುತ್ತಿರುತ್ತದೆ. ಆ ವಾದದಲ್ಲಿ ಯಾರ ಕೈ ಮೇಲಾಗುತ್ತದೆ ಅನ್ನುವುದು ಅಧಿಕಾರದ ಪ್ರಶ್ನೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ವಿಭಜನೆಯಲ್ಲಿ ಲಕ್ಷಾಂತರ ಜನ ಸತ್ತದ್ದು ಮನೆಜಗಳದಿಂದ ಅಲ್ಲವಲ್ಲ, ಸಮುದಾಯಗಳ ದ್ವೇಷ ಸುಳ್ಳಾ? ಸುಳ್ಳಲ್ಲ. ಅದನ್ನು ಮನೆಯ ಅಳತೆಗೆ ಇಳಿಸಿದರೆ ಸತ್ತವರಿಗೆ ಅನ್ಯಾಯ ಮಾಡಿದಂತೆ. ಆದರೆ ದ್ವೇಷ ತಣ್ಣಗಾದ ಮೇಲೆ ಏನಾಗುತ್ತದೆ ಅನ್ನುವುದನ್ನು ಕೇವಲ ಸಮುದಾಯದ ಲೆಕ್ಕದಿಂದ ತಿಳಿಯಲು ಆಗುವುದಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೂ ಲಾಜೋಳ ಮನೆಯಲ್ಲಿ ಶಾಂತಿ ಬರಲಿಲ್ಲ, ಮೌನ ಬಂತು. ಎರಡೂ ಒಂದೇ ಅಂತ ತಿಳಿದವರು ಸಂಘರ್ಷವನ್ನು ಅರ್ಥ ಮಾಡಿಕೊಂಡಿಲ್ಲ.

ಕೃತಿಗಳ ಮಿತಿಗಳನ್ನೂ ಹೇಳಬೇಕು. ಬೇಡಿಯವರ ಕಥೆಯಲ್ಲಿ ಲಾಜೋಳನ್ನು ಇಟ್ಟುಕೊಂಡಿದ್ದವನು ಜುಮ್ಮಾ ಅನ್ನುವ ಬರೀ ಹೆಸರು. ಅವನು ಹೊಡೆಯಲಿಲ್ಲ, ಆದರೂ ಅವನ ಭಯ ಇತ್ತು ಅನ್ನುವಷ್ಟು ಮಾತ್ರ ಲಾಜೋ ಹೇಳುತ್ತಾಳೆ. ಗಡಿಯ ಆಚೆಯ ಮನೆ ಓದುಗರಿಗೆ ಕಾಣುವುದೇ ಇಲ್ಲ. ಆದರೆ ಇದು ಕಥೆಗಾರನ ಜಾಣತನವೂ ಹೌದು. ಸುಂದರಲಾಲ್ ಕೇಳಿಸಿಕೊಳ್ಳದ್ದನ್ನು ನಮಗೂ ಕೇಳಿಸದೆ, ನಮ್ಮನ್ನೂ ಅವನ ಜಾಗದಲ್ಲಿ ನಿಲ್ಲಿಸುತ್ತಾರೆ. ಸಾರಾ ಅವರ ದಾರಿ ಬೇರೆ. ಅವರು ಏನನ್ನೂ ಮುಚ್ಚಿಡುವುದಿಲ್ಲ, ನೇರವಾಗಿ ಹೇಳುತ್ತಾರೆ. ಅದರಿಂದ ಕಾದಂಬರಿಗೆ ಬಲ ಬಂದಿದೆ, ಆದರೆ ಮಹಮದ್ ಖಾನನ ಹಟವೂ ಪಶ್ಚಾತ್ತಾಪವೂ ಅವನ ಒಳಗಿನಿಂದ ಅಷ್ಟಾಗಿ ತೆರೆದುಕೊಳ್ಳುವುದಿಲ್ಲ. ಅವನು ಹಾಗೇಕೆ ಆದ ಅನ್ನುವುದು ಇನ್ನಷ್ಟು ತಿಳಿದಿದ್ದರೆ, ಅವನಂಥ ಅಪ್ಪಂದಿರು ಈ ಪುಸ್ತಕ ಓದಿ ತಮ್ಮನ್ನು ಗುರುತಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಪುಸ್ತಕ ಬಂದ ಮೇಲೆ ನಡೆದದ್ದೂ ಈ ವಿಷಯಕ್ಕೆ ಸೇರಿದ್ದೇ. 1985ರಲ್ಲಿ ಪುತ್ತೂರಿನ ಒಂದು ಸಾಹಿತ್ಯ ಸಮಾವೇಶದಲ್ಲಿ ಸಾರಾ ಅವರು ಭಾಗವಹಿಸುವುದಕ್ಕೆ ನಮ್ಮವರೇ ಕೆಲವರು ಅಡ್ಡಿ ಮಾಡಲು ನೋಡಿದರು. ಅದೇ ವರ್ಷ ಶಾಬಾನೊ ಪ್ರಕರಣದ ತೀರ್ಪು ಬಂದು ದೇಶವೆಲ್ಲ ಮುಸ್ಲಿಂ ಹೆಣ್ಣಿನ ಬಗ್ಗೆ ಮಾತನಾಡತೊಡಗಿತು. ಅವಳ ಜೊತೆ ಮಾತನಾಡಿದವರು ಕಡಿಮೆ. ಅಂದಿನಿಂದ ನಾದಿರಾಳನ್ನು ಎರಡು ರೀತಿಯ ಓದುಗರು ಎಳೆದಾಡುತ್ತಾ ಬಂದಿದ್ದಾರೆ. ಹೊರಗಿನ ಕೆಲವರು ಅವಳನ್ನು ತೋರಿಸಿ 'ನೋಡಿ, ಇವರ ಧರ್ಮ ಇಂಥದ್ದು' ಅನ್ನುತ್ತಾರೆ. ಒಳಗಿನ ಕೆಲವರು 'ಮನೆಯ ಮಾತನ್ನು ಬೀದಿಗೆ ಯಾಕೆ ತಂದಿರಿ' ಅನ್ನುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ವೈರಿಗಳ ಹಾಗೆ ಕಂಡರೂ ಮಾಡುವ ಕೆಲಸ ಒಂದೇ. ಒಬ್ಬರು ಅವಳನ್ನು ಸಾಕ್ಷ್ಯ ಮಾಡುತ್ತಾರೆ, ಇನ್ನೊಬ್ಬರು ಗುಟ್ಟು ಮಾಡುತ್ತಾರೆ. ಅವಳ ಮಾತು ಇಬ್ಬರಿಗೂ ಬೇಡ.

ಎರಡನೆಯವರ ಭಯ ಖಾಲಿ ಭಯ ಅಂತ ನಾನು ಹೇಳುವುದಿಲ್ಲ. ಊರು ಬಿಟ್ಟು ದೊಡ್ಡ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ, ಹೆಸರು ಕೇಳಿದ ಕೂಡಲೇ ಬದಲಾಗುವ ಮುಖಗಳನ್ನು ನೋಡಿದವರಿಗೆ, ನಮ್ಮೊಳಗಿನ ತಪ್ಪು ನಾಳೆ ನಮ್ಮ ಮೇಲೇ ಆಯುಧವಾಗುತ್ತದೆ ಅನ್ನಿಸುವುದು ಸಹಜ. ಆದರೆ ಆ ಭಯದ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಅಂತಲೂ ಕೇಳಿಕೊಳ್ಳಬೇಕು. ಹೊರಗಿನವರ ಎದುರು ಮಾನ ಉಳಿಸಿಕೊಳ್ಳಲು ಒಳಗಿನವಳ ಬಾಯಿ ಮುಚ್ಚಿಸುವುದಾದರೆ, ಆ ಮಾನದಲ್ಲಿ ಅವಳ ಪಾಲು ಎಷ್ಟು?

ವಿದ್ಯಾರ್ಥಿಗಳಿಗೆ ಒಂದು ಮಾತು. ಸಂಘರ್ಷದ ಬಗ್ಗೆ ಪ್ರಬಂಧ ಬರೆಯುವಾಗ ಕೊನೆಗೆ 'ಪರಸ್ಪರ ತಿಳಿವಳಿಕೆಯಿಂದ ಬಾಳಬೇಕು' ಅಂತ ಬರೆದು ಮುಗಿಸುತ್ತೇವೆ. ಆ ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಸುಂದರಲಾಲ್ ಕೂಡ ಅದನ್ನೇ ಬರೆಯುತ್ತಿದ್ದ. ಮುಂದಿನ ಸಲ ಪತ್ರಿಕೆಯಲ್ಲಿ ರಾಜಿಯ ಸುದ್ದಿ ಓದಿದಾಗ, ಮೊಹಲ್ಲಾದ ಪಂಚಾಯಿತಿಯಲ್ಲಿ ಹಿರಿಯರು ಕೈಕುಲುಕಿ ಎದ್ದಾಗ, ಅಥವಾ ನಮ್ಮದೇ ಮನೆಯಲ್ಲಿ 'ಆಯ್ತು ಬಿಡಿ, ಮರೆತುಬಿಡೋಣ' ಅನ್ನುವ ಮಾತು ಬಂದಾಗ, ಒಂದು ಪ್ರಶ್ನೆ ಕೇಳಿ: ಈ ರಾಜಿಯಲ್ಲಿ ಯಾರ ಮಾತನ್ನು ಇನ್ನೂ ಕೇಳಿಲ್ಲ? ಉತ್ತರವಾಗಿ ಒಂದು ಹೆಸರು ಸಿಕ್ಕಿದರೆ ಜಗಳ ಇನ್ನೂ ಮುಗಿದಿಲ್ಲ. ಮೊದಲು ಅವಳ ಹತ್ತಿರ ಹೋಗಿ ಕೂತು ಕೇಳಬೇಕು. ಅವಳು ಸಿಟ್ಟಾದರೆ ಸಿಟ್ಟಾಗಲಿ.