ಗಾಜಿನ ತೊಟ್ಟಿಯಲ್ಲಿ ಸ್ಲೇಟು ಕಲ್ಲು: ‘ನೈಸರ್ಗಿಕ’ವೆಂದರೆ ನಿರಪಾಯವೇ?

ನನ್ನ ವಯಸ್ಸಿನವರು ಅಕ್ಷರ ತಿದ್ದಿದ್ದು ಮರದ ಚೌಕಟ್ಟಿನ ಸ್ಲೇಟಿನ ಮೇಲೆ. ಕೈತಪ್ಪಿ ಬಿದ್ದರೆ ಸ್ಲೇಟು ಒಡೆಯುತ್ತಿತ್ತು, ಮನೆಯಲ್ಲಿ ಬೈಗುಳ ಕಾದಿರುತ್ತಿತ್ತು. ಶಾಲೆಗಳಿಂದ ಹೆಚ್ಚುಕಡಿಮೆ ಮರೆಯಾದ ಆ ಕಲ್ಲು ಈಗ ಅಕ್ವೇರಿಯಂ ಮತ್ತು ಟೆರೇರಿಯಂಗಳ ಅಲಂಕಾರವಾಗಿ ಮನೆಗೆ ಮರಳಿದೆ. ಮೀನಿನ ಅಂಗಡಿಗಳಲ್ಲಿ ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ‘ನೈಸರ್ಗಿಕ ಕಲ್ಲು, ಮೀನಿಗೆ ಏನೂ ಆಗುವುದಿಲ್ಲ’ ಎಂಬ ಭರವಸೆ ಮಾತ್ರ ಉಚಿತ. ಆ ಭರವಸೆ ಎಷ್ಟು ಗಟ್ಟಿ ಎಂದು ಇಲ್ಲಿ ಪರಿಶೀಲಿಸೋಣ.

ಇದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗ. ಎರಡು ಅಡಿ ಉದ್ದದ ತೊಟ್ಟಿಯಲ್ಲಿ ಕಪ್ಪು ಕಲ್ಲುಗಳನ್ನು ಜೋಡಿಸಿ ನಿಯಾನ್ ಟೆಟ್ರಾ ಮೀನುಗಳನ್ನು ಬಿಟ್ಟಿದ್ದ. ಮೂರು ವಾರಗಳಲ್ಲಿ ಅವು ಒಂದೊಂದಾಗಿ ಸತ್ತವು. ‘ಸರ್, ಇದು ನ್ಯಾಚುರಲ್ ಸ್ಲೇಟೇ ಅಲ್ವಾ?’ ಎಂದು ಒಂದು ತುಂಡನ್ನು ತಂದು ತೋರಿಸಿದ. ಅದರ ಮೇಲೆ ವಿನೆಗರ್ ಹನಿಸಿದೆವು. ಹನಿ ನೊರೆಗಟ್ಟಿತು. ಕಲ್ಲು ನೈಸರ್ಗಿಕವೇ, ಆದರೆ ಸ್ಲೇಟು ಆಗಿರಲಿಲ್ಲ. ನಮ್ಮ ಅಡುಗೆಮನೆಗಳ ಗೂಡು, ಹಲಗೆಗಳಿಗೆ ಹಾಕುವ ಕಡಪ ಕಲ್ಲಿನ ಚೂರು ಅದು.

ಸ್ಲೇಟು ಒಂದು ರೂಪಾಂತರ ಶಿಲೆ. ಕೆಸರು ಗಟ್ಟಿಯಾಗಿ ಆದ ಜೇಡಿಶಿಲೆಯು ಭೂಮಿಯೊಳಗಿನ ಒತ್ತಡ ಹಾಗೂ ಮಿತವಾದ ಶಾಖಕ್ಕೆ ಸಿಕ್ಕಿ ಸ್ಲೇಟು ಆಗುತ್ತದೆ. ಆಗ ಅಭ್ರಕ ಮೊದಲಾದ ಖನಿಜಗಳ ಸೂಕ್ಷ್ಮ ಹಾಳೆಗಳು ಒತ್ತಡದ ದಿಕ್ಕಿಗೆ ಲಂಬವಾಗಿ ಸಾಲುಗೂಡುತ್ತವೆ. ಸ್ಲೇಟು ಪದರ ಪದರವಾಗಿ ಸೀಳುವುದು ಈ ಕಾರಣದಿಂದ. ಇದರ ಹಿಂದಿನ ಯಂತ್ರಶಾಸ್ತ್ರ 19ನೆಯ ಶತಮಾನದ ವಿಜ್ಞಾನಿಗಳನ್ನು ಬಹಳ ಕಾಡಿತ್ತು. ಭೌತವಿಜ್ಞಾನಿ ಜಾನ್ ಟಿಂಡಲ್ 1856ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈ ಕುರಿತು ಉಪನ್ಯಾಸ ನೀಡಿದರು. ಮೇಣವನ್ನು ಬಲವಾಗಿ ಒತ್ತಿದರೆ ಅದೂ ಪದರವಾಗಿ ಸೀಳುತ್ತದೆಂದು ತೋರಿಸಿದರು.

ನಿಜವಾದ ಸ್ಲೇಟು ತೊಟ್ಟಿಗೆ ಒಳ್ಳೆಯ ಕಲ್ಲೆಂಬುದರಲ್ಲಿ ಅನುಮಾನವಿಲ್ಲ. ಅದರಲ್ಲಿ ಮುಖ್ಯವಾಗಿ ಇರುವುದು ಕ್ವಾರ್ಟ್ಸ್, ಅಭ್ರಕ, ಕ್ಲೋರೈಟ್. ಇವು ನೀರಿನಲ್ಲಿ ಕರಗುವುದು ನಗಣ್ಯ. ನನ್ನ ಮೊದಲ ಆಕ್ಷೇಪ ಹೆಸರಿನ ಬಗ್ಗೆ. ಚಪ್ಪಟೆಯಾದ ಕಪ್ಪು ಅಥವಾ ಬೂದು ಕಲ್ಲನ್ನೆಲ್ಲ ಸ್ಲೇಟು ಎಂದುಬಿಡುವುದು ವಾಡಿಕೆಯಾಗಿದೆ. ಆಂಧ್ರಪ್ರದೇಶದ ಮಾರ್ಕಾಪುರದ ಕಲ್ಲು ನಿಜವಾದ ಸ್ಲೇಟು. ಬರೆಯುವ ಹಲಗೆಗಳಿಂದಲೇ ಆ ಊರು ಹೆಸರಾಗಿದೆ. ಆದರೆ ಕಡಪ ಕಲ್ಲು, ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇವೆರಡೂ ಸುಣ್ಣಕಲ್ಲುಗಳು. ಶಹಾಬಾದ್, ವಾಡಿ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಹುಟ್ಟಿಕೊಂಡದ್ದು ಅಲ್ಲಿನ ನೆಲದಲ್ಲಿ ಸುಣ್ಣಕಲ್ಲು ಇರುವುದರಿಂದಲೇ ಅಲ್ಲವೇ?

ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡುತ್ತದೆ. ನೀರಿನ ಗಡಸುತನ ಏರುತ್ತದೆ, ಪಿಎಚ್ ಕೂಡ ಏರುತ್ತದೆ. ಗಿಡಗಳಿಗೆಂದು ಸಿಲಿಂಡರಿನಿಂದ ಆ ಅನಿಲವನ್ನು ಹಾಯಿಸುವ ತೊಟ್ಟಿಗಳಲ್ಲಿ ಈ ಕ್ರಿಯೆ ಇನ್ನೂ ಚುರುಕು. ಅಮೆಜಾನ್ ಪ್ರದೇಶದ ಮೆದು ನೀರಿನ ನಿಯಾನ್ ಟೆಟ್ರಾಗಳಿಗೆ ಇದು ಒಗ್ಗದು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೂ ನಮ್ಮ ಪರಿಚಯದ ಮಾಲಿ, ಗಪ್ಪಿಗಳಿಗೂ ಗಡಸು ನೀರೇ ಹಿತ. ಆದ್ದರಿಂದ ಕಡಪ ಕಲ್ಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಾವ ಮೀನಿಗೆ ಯಾವ ಕಲ್ಲು ಎಂಬ ಪ್ರಶ್ನೆಗೆ ‘ನೈಸರ್ಗಿಕ’ ಎಂಬ ಪದ ಉತ್ತರವಾಗಲಾರದು, ಅಷ್ಟೇ.

ಎರಡನೆಯ ಆಕ್ಷೇಪ ವಿನೆಗರ್ ಪರೀಕ್ಷೆಯ ಬಗ್ಗೆ. ಹವ್ಯಾಸಿಗಳು ಇದನ್ನೇ ಅಂತಿಮ ತೀರ್ಪೆಂದು ನಂಬುತ್ತಾರೆ. ವಿನೆಗರ್ ದುರ್ಬಲ ಆಮ್ಲ. ಮೆಗ್ನೀಸಿಯಂ ಬೆರೆತ ಡಾಲೊಮೈಟ್ ಕಲ್ಲನ್ನು ಪುಡಿ ಮಾಡದ ಹೊರತು ಅದು ಅಷ್ಟಾಗಿ ನೊರೆ ಎಬ್ಬಿಸದು. ಒಣಗಿದ ಕಲ್ಲಿನ ಬಿರುಕುಗಳಿಂದ ಬರಿಯ ಗಾಳಿಯೇ ಗುಳ್ಳೆಯಾಗಿ ಹೊರಬಂದು ಮೋಸಗೊಳಿಸುವುದೂ ಉಂಟು. ಹಾಗಾಗಿ ಪಕ್ಕದಲ್ಲೇ ಒಂದು ಹನಿ ಶುದ್ಧ ನೀರನ್ನೂ ಬಿಟ್ಟು ಹೋಲಿಸಬೇಕು.

ಇದಕ್ಕಿಂತ ವಿಶ್ವಾಸಾರ್ಹವಾದದ್ದು ಎರಡು ಬಕೆಟ್‌ಗಳ ಪರೀಕ್ಷೆ. ಎರಡಕ್ಕೂ ಒಂದೇ ನಲ್ಲಿಯ ನೀರನ್ನು ಸಮನಾಗಿ ತುಂಬಿ. ಒಂದರಲ್ಲಿ ಮಾತ್ರ ತೊಳೆದ ಕಲ್ಲನ್ನಿಡಿ. ಎರಡು ವಾರ ಬಿಟ್ಟು ಎರಡರ ಗಡಸುತನ ಹಾಗೂ ಪಿಎಚ್ ಅಳೆಯಿರಿ. ಕಲ್ಲಿಲ್ಲದ ಬಕೆಟ್ ಏಕೆ ಬೇಕು? ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಲವಣಾಂಶ ತಾನಾಗಿಯೇ ಸಾಂದ್ರವಾಗುತ್ತದೆ. ಹೋಲಿಕೆಗೆ ಇನ್ನೊಂದು ಬಕೆಟ್ ಇಲ್ಲದಿದ್ದರೆ ಆ ಏರಿಕೆಯನ್ನೂ ಕಲ್ಲಿನ ತಲೆಗೇ ಕಟ್ಟುತ್ತೇವೆ. ಪಕ್ಕದ ಮನೆಯ ಮೀನುಗಳು ಕಲ್ಲಿನಿಂದಲೇ ಸತ್ತವೆಂದು ನಾನು ಹೇಳಲಾರದ್ದೂ ಇದೇ ಕಾರಣಕ್ಕೆ. ಹೊಸ ತೊಟ್ಟಿಯಲ್ಲಿ ಅಮೋನಿಯ ಹೆಚ್ಚಾದರೂ ಮೀನು ಸಾಯುತ್ತವೆ. ಹೋಲಿಸಲು ಅಲ್ಲಿ ಇನ್ನೊಂದು ತೊಟ್ಟಿ ಇರಲಿಲ್ಲ.

ಮೂರನೆಯದು ಗಾಜಿಗೆ ಸಂಬಂಧಿಸಿದ್ದು. ನೀರಿನಲ್ಲಿ ಕಲ್ಲು ಹಗುರವಾಗುವುದರಿಂದ ಅದನ್ನು ಗಾಜಿಗೆ ಒರಗಿಸಿದರೆ ಅಪಾಯವಿಲ್ಲ ಎಂಬ ಸಲಹೆ ಕೇಳಿದ್ದೇನೆ. ಲೆಕ್ಕ ಮಾಡೋಣ. ಸ್ಲೇಟಿನ ಸಾಪೇಕ್ಷ ಸಾಂದ್ರತೆ ಸುಮಾರು 2.7. ಅಂದರೆ 5.4 ಕಿಲೋಗ್ರಾಂ ಕಲ್ಲಿನ ಗಾತ್ರ 2 ಲೀಟರ್. ಆರ್ಕಿಮಿಡೀಸ್ ತತ್ತ್ವದಂತೆ ನೀರಿನೊಳಗೆ ಅದರ ತೋರಿಕೆಯ ತೂಕ 3.4 ಕಿಲೋಗ್ರಾಂ. ಆದರೆ ಗೋಡೆಗೆ ಒರಗಿಸಿದ ಏಣಿ ಜಾರುವುದೋ ಇಲ್ಲವೋ ಎಂಬುದನ್ನು ಅದರ ಓರೆ ಮತ್ತು ಘರ್ಷಣೆ ನಿರ್ಧರಿಸುತ್ತವೆ. ಏಣಿಯ ತೂಕ ಸಮೀಕರಣದಿಂದಲೇ ಹೊರಟುಹೋಗುತ್ತದೆ. ಕಲ್ಲಿಗೂ ಇದೇ ನಿಯಮ. ಹಗುರವಾದ ಮಾತ್ರಕ್ಕೆ ಅದು ಜಾರದೆ ನಿಲ್ಲದು. ಕೆಲವು ವಾರಗಳಲ್ಲಿ ಪಾಚಿ ಕಟ್ಟಿದಾಗ ಘರ್ಷಣೆಯೂ ಇಳಿಯುತ್ತದೆ. ಇನ್ನು ನೀರು ಬದಲಿಸಲು ತೊಟ್ಟಿಯನ್ನು ಖಾಲಿ ಮಾಡಿದಾಗ 3.4 ಕಿಲೋಗ್ರಾಂ ಮತ್ತೆ 5.4 ಆಗುತ್ತದೆ. ಚೂಪಾದ ತುದಿಯೊಂದು ತಳದ ಗಾಜಿನ ಮೇಲೆ ಹೊರಿಸುವ ಭಾರ ಒಂದೂವರೆ ಪಟ್ಟಿಗಿಂತ ಹೆಚ್ಚುತ್ತದೆ. ಕಲ್ಲನ್ನು ಗಾಜಿಗೆ ಒರಗಿಸದೆ, ಅಗಲವಾದ ಮುಖ ಕೆಳಗಾಗುವಂತೆ, ತೆಳುವಾದ ಫೋಮ್ ಹಾಳೆಯ ಮೇಲಿಟ್ಟು, ಆಮೇಲೆ ಮರಳು ಹಾಕುವುದು ಕ್ಷೇಮ. ಒಡೆದ ಅಂಚುಗಳನ್ನು ನೀರು ಸುರಿಯುತ್ತಾ ಉಜ್ಜಿ ಮೊಂಡಾಗಿಸದಿದ್ದರೆ ಮೀನಿನ ಮೈ ಗೀರುತ್ತದೆ.

ಟೆರೇರಿಯಂನಲ್ಲಿ ತೊಂದರೆಯ ರೂಪ ಬೇರೆ. ಕೆಲವು ಸ್ಲೇಟುಗಳಲ್ಲಿ ಚಿನ್ನದಂತೆ ಹೊಳೆಯುವ ಪೈರೈಟ್ ಕಣಗಳಿರುತ್ತವೆ. ಕೊಳ್ಳುವವರು ಆ ಹೊಳಪಿಗೇ ಮರುಳಾಗುತ್ತಾರೆ. ಪೈರೈಟ್ ಎಂದರೆ ಕಬ್ಬಿಣದ ಸಲ್ಫೈಡ್. ತೇವ ಮತ್ತು ಆಕ್ಸಿಜನ್ ಎರಡೂ ಧಾರಾಳವಾಗಿರುವ ಗಾಜಿನ ಪೆಟ್ಟಿಗೆಯಲ್ಲಿ ಅದು ತುಕ್ಕುಗಟ್ಟಿ ಸಲ್ಫ್ಯೂರಿಕ್ ಆಮ್ಲವನ್ನೂ ಹುಟ್ಟಿಸುತ್ತದೆ. ಜೊತೆಗೆ ಸ್ಲೇಟು ನೀರನ್ನು ಅಷ್ಟಾಗಿ ಹೀರುವುದಿಲ್ಲ. ಮನೆಯ ಛಾವಣಿಗೆ ಹೊದಿಸಲು ಇದೇ ಗುಣ ಬೇಕಿತ್ತು. ಹಾವಸೆ ಬೆಳೆಸುವವರಿಗೆ ಇದೇ ಕೊರತೆ. ಹಾವಸೆಗೆ ಹಳೆಯ ಇಟ್ಟಿಗೆಯ ಚೂರು ಹೆಚ್ಚು ಅನುಕೂಲ.

ಅಂದದ ಬಗ್ಗೆಯೂ ಒಂದು ಮಾತು. ಬೆಟ್ಟದ ಒಂದು ಬಂಡೆಯಲ್ಲಿ ಪದರಗಳೆಲ್ಲ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ವಾಲಿರುತ್ತವೆ. ನಮ್ಮ ತೊಟ್ಟಿಗಳಲ್ಲಿ ಒಂದು ತುಂಡು ನಿಂತಿರುತ್ತದೆ, ಇನ್ನೊಂದು ಮಲಗಿರುತ್ತದೆ, ಮತ್ತೊಂದು ಅಡ್ಡವಾಗಿರುತ್ತದೆ. ಕಲ್ಲು ಸಹಜ, ಜೋಡಣೆ ಮಾತ್ರ ಮನೆ ಕೆಡವಿದ ಜಾಗದಂತೆ. ಪದರಗಳ ದಿಕ್ಕನ್ನು ಹೊಂದಿಸಿದರೆ ನಾಲ್ಕೇ ತುಂಡುಗಳು ಒಂದು ಬಂಡೆಯ ಭಾಸ ಕೊಡುತ್ತವೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಬೇಕಾದ ಆಕಾರಕ್ಕೆಂದು ಮನೆಯಲ್ಲೇ ಗರಗಸದ ಯಂತ್ರದಿಂದ ಸ್ಲೇಟನ್ನು ಒಣಗಿದ್ದಂತೆಯೇ ಕತ್ತರಿಸುವವರಿದ್ದಾರೆ. ಆ ಧೂಳಿನಲ್ಲಿ ಉಸಿರಿನೊಂದಿಗೆ ಶ್ವಾಸಕೋಶ ಸೇರುವ ಸಿಲಿಕಾ ಕಣಗಳಿರುತ್ತವೆ. ಮಧ್ಯಪ್ರದೇಶದ ಮಂದ್‌ಸೌರ್‌ನಲ್ಲಿ ಸ್ಲೇಟು ಕಡ್ಡಿಗಳನ್ನು ಕೊಯ್ಯುತ್ತಿದ್ದ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿದ್ದುದು 1980ರ ದಶಕದ ಅಧ್ಯಯನಗಳಲ್ಲಿ ದಾಖಲಾಗಿದೆ. ಹವ್ಯಾಸಿಯ ಒಂದು ದಿನದ ಕೆಲಸ ಅವರ ದುಡಿಮೆಗೆ ಸಮವಲ್ಲ, ನಿಜ. ಆದರೂ ಮೀನಿನ ಆರೋಗ್ಯದ ಬಗ್ಗೆ ಇಷ್ಟು ಕೇಳುವ ನಾವು ಕಲ್ಲು ಕತ್ತರಿಸುವವನ ಬಗ್ಗೆ ಕೇಳುವುದಿಲ್ಲ. ಸ್ಲೇಟನ್ನು ಒದ್ದೆ ಮಾಡಿ, ಉಳಿಯಿಂದ ಪದರದ ಗುಂಟ ಸೀಳಬಹುದು. ಕತ್ತರಿಸಲೇಬೇಕಾದರೆ ನೀರು ಹಾಯಿಸುತ್ತಾ, ಸಿಲಿಕಾ ಧೂಳನ್ನು ತಡೆಯುವ ಮುಖಗವಸು ತೊಟ್ಟು ಕತ್ತರಿಸಬೇಕು.

ಹಾಗಾದರೆ ಸ್ಲೇಟು ಬೇಡವೇ? ಬೇಕು, ಹೆಸರು ಕೇಳಿ ಅಲ್ಲ, ಪರೀಕ್ಷಿಸಿ. ವಿಷವೂ ನೈಸರ್ಗಿಕವೇ, ಸುಣ್ಣವೂ ನೈಸರ್ಗಿಕವೇ. ಪಕ್ಕದ ಮನೆಯ ಹುಡುಗ ಹೊಸ ಮೀನುಗಳನ್ನು ಇನ್ನೂ ತಂದಿಲ್ಲ. ಅವನ ಮನೆಯ ಹಿತ್ತಿಲಲ್ಲಿ ಈಗ ಎರಡು ಬಕೆಟ್‌ಗಳಿವೆ, ಒಂದರಲ್ಲಿ ಕಲ್ಲಿದೆ. ಹದಿನಾಲ್ಕು ದಿನ ಕಾಯುವುದನ್ನು ಅವನು ಕಲಿಯುತ್ತಿದ್ದಾನೆ.