ಬೆರಳಿಗೆ ಕೇಳುವ ಶ್ರುತಿ

1711ರಲ್ಲಿ ಲಂಡನ್ನಿನ ಕಹಳೆವಾದಕ ಜಾನ್ ಶೋರ್ ವಾದ್ಯಗಳ ಶ್ರುತಿಗೂಡಿಸಲೆಂದು ನಿರ್ಮಿಸಿದ ಶ್ರುತಿಕವೆಯು, ಕಾಲಾಂತರದಲ್ಲಿ ವೈದ್ಯನ ಚೀಲವನ್ನೂ ಸೇರಿ, ಕಿವಿಯನ್ನು ಬಿಟ್ಟು ಬೆರಳಿನೊಡನೆ ಸಂಭಾಷಿಸತೊಡಗಿತೆಂಬುದು ನನಗೆ ಎಂದಿಗೂ ಸೋಜಿಗವೇ. ಸೆಕೆಂಡಿಗೆ 128 ಬಾರಿ ಕಂಪಿಸುವ ಈ ಲೋಹದ ಕವಲನ್ನು ತಟ್ಟಿ, ಅದರ ಬುಡವನ್ನು ಬೆರಳಗೆಣ್ಣಿನ ಮೇಲೆ ಊರಿದೊಡನೆ, ಚರ್ಮದಾಳದಲ್ಲಿ ಈರುಳ್ಳಿಯಂತೆ ಪದರಪದರವಾಗಿ ಹುದುಗಿರುವ, ಇಟಲಿಯ ಫಿಲಿಪ್ಪೊ ಪಾಚೀನಿ ವಿದ್ಯಾರ್ಥಿದೆಸೆಯಲ್ಲಿಯೇ ಮಾನವಹಸ್ತದಲ್ಲಿ ಕಂಡ ಸೂಕ್ಷ್ಮಗ್ರಾಹಕಗಳು, ಸ್ಥಿರವಾದ ಒತ್ತಡವನ್ನು ಉಪೇಕ್ಷಿಸಿ ಕಂಪನವನ್ನೇ ಆಯ್ದು, ಮಯಲಿನ್ ಕವಚದ ದಪ್ಪ ನರತಂತುಗಳ ಮೂಲಕ, ಬೆನ್ನುಹುರಿಯ ಹಿಂಭಾಗದಗುಂಟ, ಮಿದುಳಿಗೆ ವಾರ್ತೆ ಮುಟ್ಟಿಸುತ್ತವೆ. ಇಷ್ಟು ಅಗ್ಗದ ಉಪಕರಣಕ್ಕೆ ಎಂತಹ ವಿದ್ಯೆ! ಮಧುಮೇಹದಿಂದ ಈ ತಂತುಗಳು ಶಿಥಿಲಗೊಂಡಲ್ಲಿ (ಸಾಮಾನ್ಯವಾಗಿ ಪಾದ ಮೊದಲು, ಕೈ ಆಮೇಲೆ) ಕವೆಯು ಇನ್ನೂ ಮಿಡಿಯುತ್ತಿರುವಾಗಲೇ ರೋಗಿಯು ‘ನಿಂತಿತು’ ಎನ್ನುವನು. ಆಗ ವೈದ್ಯನು ಅದನ್ನು ತನ್ನ ಬೆರಳಿಗೆ ತಾಗಿಸಿಕೊಂಡು, ಉಳಿದ ಕಂಪನವೆಷ್ಟೆಂದು ಅರಿಯುವನು.