ಸಹಸ್ರಲಿಂಗವನ್ನು ನೋಡುವ ಬಗೆ

ಶಿರಸಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿ ಹುಲಗೋಳದಲ್ಲಿ ಇಳಿಯಿರಿ. ಸುಮಾರು 15 ಕಿ.ಮೀ. ದಾರಿ. ಕಾರಿದ್ದವರು ಹೊಳೆಯ ಹತ್ತಿರದವರೆಗೂ ಹೋಗುತ್ತಾರೆ. ನೀವು ನಡೆದೇ ಹೋಗಿ. ಅಡಿಕೆ ತೋಟ, ಸೊಪ್ಪಿನ ಬೆಟ್ಟ ದಾಟಿ ಕಾಡಿನೊಳಗೆ ಇಳಿಯುತ್ತಿದ್ದಂತೆ ಆ ಹೊಳೆ, ಶಾಲ್ಮಲೆ, ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತಾಳೆ.

ಮೊದಲ ಸಲ ಬಂದಾಗ ನಾನು ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳನ್ನು ಎಣಿಸಲು ಹೊರಟಿದ್ದೆ. ನಲವತ್ತು ದಾಟುವಷ್ಟರಲ್ಲಿ ಯಾವ ಬಂಡೆ ಮುಗಿಯಿತು, ಯಾವುದು ಉಳಿಯಿತು ಎಂದೇ ತಿಳಿಯದಾಯಿತು. ನೀವು ಆ ಉಸಾಬರಿಗೆ ಹೋಗಬೇಡಿ. ‘ಸಹಸ್ರ’ ಎಂದರೆ ಬೇಕಾದಷ್ಟು ಎಂದಿಟ್ಟುಕೊಳ್ಳಿ. ಒಂದೇ ಬಂಡೆ ಆರಿಸಿಕೊಂಡು ಅದರ ಪಕ್ಕ ಅರ್ಧ ಗಂಟೆ ಕೂರಿ.

ಗುಡಿಯಲ್ಲಿ ಸಾಮಾನ್ಯವಾಗಿ ಪೀಠ ಬೇರೆ, ಲಿಂಗ ಬೇರೆ. ಕಡೆದು ತಂದು ಕೂರಿಸಿದ್ದು. ಇಲ್ಲಿ ಬಂಡೆ ಬಿದ್ದಲ್ಲೇ ಶಿಲ್ಪಿ ಕೂತಿದ್ದಾನೆ. ಬಂಡೆ ಓರೆಯಾಗಿದ್ದರೆ ಅವನ ಕೈಯೂ ಅದಕ್ಕೆ ಒಗ್ಗಬೇಕು. ನೀರು ಹೊರಬೀಳುವ ಪೀಠದ ಬಾಯಿ ಯಾವ ಕಡೆಗಿದೆ, ಬಂಡೆಯ ಇಳಿಜಾರು ಯಾವ ಕಡೆಗಿದೆ, ಎರಡನ್ನೂ ಹೋಲಿಸಿ ನೋಡಿ. ಆಮೇಲೆ ಪ್ರವಾಹ ಬಡಿಯುವ ಮೈಯನ್ನೊಮ್ಮೆ, ಹಿಂಬದಿಯನ್ನೊಮ್ಮೆ ಅಂಗೈಯಿಂದ ಸವರಿ. ಕೆಲವು ಕಡೆ ಅಂಚು ಇನ್ನೂ ಚೂಪಾಗಿದೆ, ಕೆಲವು ಕಡೆ ಲಿಂಗ ಸವೆದು ಬರೀ ಗುಬ್ಬಿಯಂತಾಗಿದೆ. ಉಳಿ ಬಿಟ್ಟ ಕೆಲಸವನ್ನು ಹೊಳೆ ಮುಂದುವರಿಸಿದೆ. ಬಂಡೆಗಳ ನಡುವೆ ಬಸವಣ್ಣಗಳೂ ಇವೆ. ಅವನ್ನು ಬೆನ್ನ ಕಡೆಯಿಂದ ನೋಡಿದರೆ ಕಲ್ಲು ಎಲ್ಲಿ ಪ್ರಾಣಿಯಾಯಿತು ಎಂದು ಗೊತ್ತಾಗುತ್ತದೆ.

ಕೆತ್ತಿಸಿದವನು ಸೋದೆಯ ಅರಸ ಸದಾಶಿವರಾಯ ಎನ್ನುವುದು ರೂಢಿಯ ಮಾತು. 17ನೇ ಶತಮಾನದ ಕೊನೆಯ ಸುಮಾರು. ಕಾಂಬೋಡಿಯಾದ ಕ್ಬಾಲ್ ಸ್ಪಿಯನ್‌ನಲ್ಲೂ ಇಂಥದೇ ಹೊಳೆಯಿದೆ, ಕೆತ್ತನೆ ಸುಮಾರು 11ನೇ ಶತಮಾನದ್ದು. 1969ರಲ್ಲಿ ಫ್ರೆಂಚ್ ವಿದ್ವಾಂಸ ಝಾನ್ ಬೂಲ್ಬೆಯ ಕಣ್ಣಿಗೆ ಬಿತ್ತು. ಅಲ್ಲಿ ಹೊಳೆಯ ತಳದ ಹಾಸುಬಂಡೆಯ ಮೇಲೆ ಸಣ್ಣ ಲಿಂಗಗಳು ಒತ್ತೊತ್ತಾಗಿ ಸಾಲುಗಟ್ಟಿವೆ. ನಮ್ಮಲ್ಲಿ ಬಂಡೆಗೊಂದು ಮನೆ. ನನಗೆ ಈ ಬಿಡಿಬಿಡಿ ಸಂಸಾರವೇ ಇಷ್ಟ.

ಯಾವಾಗ ಬರಬೇಕು? ಮಳೆಗಾಲದಲ್ಲಿ ಎಲ್ಲ ಮುಳುಗಿರುತ್ತದೆ, ದಾರಿಯಲ್ಲಿ ಉಂಬಳದ ಕಾಟ ಬೇರೆ. ಶಿವರಾತ್ರಿಗೆ ಲಿಂಗಗಳೆಲ್ಲ ಮೇಲೆ ಬಂದಿರುತ್ತವೆ, ಜನವೂ ಬಂದಿರುತ್ತಾರೆ. ಭಕ್ತರಿಗೆ ಅದೇ ಸರಿ. ರಸಿಕರಿಗೆ ನನ್ನ ಶಿಫಾರಸು ಡಿಸೆಂಬರ್. ಅರ್ಧ ಮುಳುಗಿ ಅರ್ಧ ಎದ್ದ ಲಿಂಗಗಳು, ನೀರೂ ತಿಳಿ. ನಡುಹಗಲಿನ ಬಿಸಿಲಿಗೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಇಲ್ಲವೇ ಇಳಿಹೊತ್ತಿನ ಓರೆ ಬಿಸಿಲಲ್ಲಿ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡಬೇಡಿ. ನಾನು ಜಾರಿ ಬಿದ್ದು ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡವನು.

ಕಳೆದ ಸಲ ಹೀಗೇ ಒಂದು ಬಂಡೆಯ ಪಕ್ಕ ಕೂತಿದ್ದೆ. ಮೇಲಿಂದ ತೇಲಿ ಬಂದ ಹಳದಿ ಎಲೆಯೊಂದು ಪೀಠದೊಳಕ್ಕೆ ಹೊಕ್ಕಿತು. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹೊರಬೀಳುವ ಜಾಗ ದಾಟಬಾರದೆಂದು ಅರ್ಧ ಸುತ್ತು ಹಾಕಿ ಹಿಂದಿರುಗುತ್ತೇವಲ್ಲ, ಎಲೆಗೆ ಅದೆಲ್ಲ ಯಾರು ಹೇಳಬೇಕು? ಲಿಂಗವನ್ನು ಎರಡು ಪೂರ್ತಿ ಸುತ್ತು ಹಾಕಿ, ಪೀಠದ ಬಾಯಿಂದ ಜಾರಿ, ಕೆಳಗಿನ ಮಡುವಿನತ್ತ ಹೋಯಿತು.